ಹಿಮದ ಹಲಗೆ

ಹೊಳೆನರಸೀಪುರದವಳಾದ ನನಗೆ ಚಳಿ ಅಂದರೆ ಧನುರ್ಮಾಸದ ಬೆಳಗಿನ ಮಂಜು, ಅಷ್ಟೇ. ಅಂಥವಳು ನಾರ್ವೆಯ ಓಸ್ಲೋದಲ್ಲಿರುವ ಮಗಳ ಮನೆಗೆ ಹೋಗಿ, ಹತ್ತು ವರ್ಷದ ಮೊಮ್ಮಗನಿಗೆ ಸ್ಕೀ ಆರಿಸಲು ಅಂಗಡಿಯಲ್ಲಿ ನಿಂತಿದ್ದೆ!

ಸ್ಕೀ ಅಂದರೆ ಹಿಮದ ಮೇಲೆ ಜಾರಿಕೊಂಡು ಹೋಗಲು ಕಾಲಿಗೆ ಕಟ್ಟುವ ಉದ್ದನೆಯ ಹಲಗೆ. ಹುಡುಗ ಅಂಗಡಿಗೆ ಬರಲೇ ಒಪ್ಪಿರಲಿಲ್ಲ. ಹಿಂದಿನ ಚಳಿಗಾಲದಲ್ಲಿ ಅಪ್ಪನ ಜೊತೆ ದಾರಿಯಿಲ್ಲದ ಕಾಡಿನೊಳಗೆ ಹೋಗಿದ್ದಾಗ ಅವನ ಒಂದು ಸ್ಕೀ ಕಳಚಿ ಇಳಿಜಾರಿನಲ್ಲಿ ಜಾರಿಹೋಗಿತ್ತು. ತೊಡೆಮಟ್ಟ ಹಿಮದಲ್ಲಿ ಹೂತವನನ್ನು ಅಳಿಯಂದಿರು ಹೊತ್ತು ತಂದಿದ್ದರು. ಆಮೇಲೆ ಹಿಮ ಕಂಡರೆ ಮುಖ ತಿರುಗಿಸುತ್ತಿದ್ದ.

ಒಳಗೆ ಹೋದದ್ದೇ ಕೆಂಪು ಬಣ್ಣದ ಜೋಡಿಯೊಂದರ ಮುಂದೆ ನಿಂತ. ಅದರಲ್ಲಿ ಬೂಟಿಗೆ ಮುಂದೂ ಬಿಗಿ, ಹಿಂದೂ ಬಿಗಿ.

"ಹಿಮ್ಮಡಿ ಕಟ್ಟಿಹಾಕಿದ್ರೆ ನಡೆಯೋದು ಹೇಗೋ ಮಗಾ?" ಅಂದೆ.

ಮಗಳು ಅದನ್ನು ಅಂಗಡಿಯಾಕೆಗೆ ಹೇಳಿದಾಗ ಆಕೆ ನಕ್ಕು, ಬೇರೆ ಜೋಡಿ ತಂದಳು. ಕೆಂಪಿನದು ಬೆಟ್ಟದಿಂದ ಇಳಿಯುವವರಿಗಂತೆ. ಅವರನ್ನು ಮೇಲಕ್ಕೆ ಯಂತ್ರದ ಕುರ್ಚಿ ಒಯ್ಯುತ್ತದೆ. ಕಾಡಿನಲ್ಲಿ ಹತ್ತಬೇಕು, ಇಳಿಯಬೇಕು, ನಡೆಯಲೂಬೇಕು. ಹೊಸ ಜೋಡಿ ಕೊಂಚ ಅಗಲ. ಅದು ನನಗೆ ತಕ್ಷಣ ಅರ್ಥವಾಯಿತು. ನಮ್ಮಪ್ಪ ಕೆಸರುಗದ್ದೆಗೆ ಹಲಗೆ ಹೊಡೆಯುವಾಗ ಭಾರಕ್ಕೆಂದು ನನ್ನನ್ನು ಅದರ ಮೇಲೆ ಕೂರಿಸುತ್ತಿದ್ದರು. ಇಳಿದರೆ ಮೊಣಕಾಲವರೆಗೆ ಕೆಸರು, ಹಲಗೆ ಮಾತ್ರ ಹೂಳುತ್ತಿರಲಿಲ್ಲ. ಸ್ಕೀಯ ಅಡಿಯಲ್ಲಿ ಮೀನಿನ ಹುರುಪೆಯಂಥ ಗೀರುಗಳಿದ್ದವು. ಮುಂದಕ್ಕೆ ಜಾರುತ್ತದೆ, ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುತ್ತದೆ. ಅಂಚಿಗೆ ಉಕ್ಕಿನ ಪಟ್ಟಿ, ಗಟ್ಟಿ ಮಂಜುಗಡ್ಡೆಯ ಮೇಲೆ ಕಚ್ಚಿಕೊಳ್ಳಲು.

ಬೂಟು ಒಂದು ಅಳತೆ ದೊಡ್ಡದಿರಲಿ, ಮುಂದಿನ ವರ್ಷಕ್ಕೂ ಆಗುತ್ತೆ ಅಂದೆ. ಶಾಲೆಯ ಯೂನಿಫಾರಂ ಮೂರು ವರ್ಷ ಬರುವಂತೆ ಹೊಲಿಸಿದ ವಂಶ ನಮ್ಮದು! ಆಕೆ ಒಪ್ಪಲಿಲ್ಲ. ಬೂಟು ಸಡಿಲವಾದರೆ ಕಾಲಿಗೆ ಬೊಬ್ಬೆ, ಸ್ಕೀಯೂ ಮಾತು ಕೇಳದು.

ಇನ್ನು ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್. ಬೂಟಿನ ತುದಿಯಲ್ಲಿರುವ ಪುಟ್ಟ ಲೋಹದ ಕಂಬಿ ಅದರೊಳಗೆ ಕೂರುತ್ತದೆ, ಹಿಮ್ಮಡಿ ಬಿಡುವಾಗಿ ಏಳುತ್ತದೆ. ಬೂಟು, ಬೈಂಡಿಂಗ್ ಒಂದೇ ಬಗೆಯವಾಗಿರಬೇಕು. ತುಳಿದರೆ ತಾನೇ ಕಚ್ಚಿಕೊಳ್ಳುವುದೂ ಇದೆ, ಕೈಯಿಂದ ಅಗುಳಿ ಹಾಕುವುದೂ ಇದೆ. ದೂರ ಹೋಗುವವರಿಗೆ ಕೈಯಗುಳಿಯದೇ ವಾಸಿ, ಹಿಮ ಸೇರಿ ಹೆಪ್ಪುಗಟ್ಟುವ ಸಂದಿ ಕಡಿಮೆ. ಆದರೂ ಪ್ರತಿ ಸಲ ಬೂಟಿನ ತುದಿಯ ಹಿಮ ಕೆರೆದೇ ಹಾಕಬೇಕು, ಇಲ್ಲದಿದ್ದರೆ ಕಂಬಿ ಸರಿಯಾಗಿ ಕೂರದೆ ಕಳಚಿಕೊಳ್ಳುತ್ತದೆ ಅಂದಳು.

ಹುಡುಗ ತಲೆಯೆತ್ತಿದ. "ಹಾಗಾದ್ರೆ ಆವತ್ತು ನಾನು ಬಿದ್ದಿದ್ದಕ್ಕೆ ಅದು ಕಳಚಿದ್ದಲ್ವಾ? ಅದು ಕಳಚಿದ್ದಕ್ಕೆ ನಾನು ಬಿದ್ದದ್ದಾ?"

ಒಂದು ವರ್ಷದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ನಮ್ಮ ಪಕ್ಕದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಸ್ಕೀಯಿಂಗ್‌ನಲ್ಲಿ ಭಾರತದ ಪರ ಸ್ಪರ್ಧಿಸುತ್ತಾರೆ ಕಣೋ ಅಂತ ಹೇಳಹೊರಟೆ. ಅವನಿಗೆ ಕೇಳಿಸಿಕೊಳ್ಳುವ ಪುರಸೊತ್ತಿಲ್ಲ. ದಪ್ಪ ಕೈಚೀಲ ಹಾಕಿಕೊಂಡೇ ಅಗುಳಿ ಹಾಕುವುದು, ತೆಗೆಯುವುದು, ಹಿಮ್ಮಡಿ ಎತ್ತಿ ನೋಡುವುದು. ಹತ್ತು ಸಲವಾದರೂ ಮಾಡಿರಬೇಕು. ಆಮೇಲೆ ಕಿಟಕಿಯಾಚೆ ನೋಡಿದ.

"ಅಜ್ಜಿ, ಶನಿವಾರ ಹಿಮ ಬೀಳುತ್ತಾ?"