ಅದು ಕಾಗೆ ಅಲ್ಲ, ಅಮ್ಮ

ರೇವನ್ ಅನ್ನೋ ಹಕ್ಕಿಗೆ ನಮ್ಮ ಮಾತಿನಲ್ಲಿ ಬೇರೆ ಹೆಸರಿಲ್ಲ. ಅಮರಕೋಶದಲ್ಲಿ ದ್ರೋಣಕಾಕ, ಕಾಕೋಲ ಅಂತೆಲ್ಲಾ ಇದೆ, ನಿಜ. ಆದರೆ ಯಾರಾದರೂ ಅಂಗಳದಲ್ಲಿ ನಿಂತು "ಅಗೋ ದ್ರೋಣಕಾಕ" ಅಂದಿದ್ದನ್ನು ನಾನಂತೂ ಕೇಳಿಲ್ಲ. ಅದಕ್ಕೆ ಕಾರಣವೂ ಇದೆ. ಆ ಹಕ್ಕಿ ಭಾರತದಲ್ಲಿ ಇರೋದು ಹಿಮಾಲಯದ ಕಡೆ, ರಾಜಸ್ಥಾನದ ಮರುಭೂಮಿ ಕಡೆ. ಕರ್ನಾಟಕಕ್ಕೆ ಅದು ಬರೋದೇ ಇಲ್ಲ. ಇಲ್ಲದ ಹಕ್ಕಿಗೆ ಹೆಸರಿಟ್ಟುಕೊಂಡು ಏನು ಮಾಡೋದು?

ನಮಗೆ ಇರೋದು ಎರಡು. ಕತ್ತು ಬೂದಿ ಬಣ್ಣದ ಊರು ಕಾಗೆ, ಪೂರ್ತಿ ಕಪ್ಪಗಿರೋ ದಪ್ಪ ಕೊಕ್ಕಿನ ಕಾಡು ಕಾಗೆ. ಕೊಪ್ಪದ ಹತ್ತಿರದ ನಮ್ಮೂರಲ್ಲಿ ತೋಟದ ಕಡೆ ಕಾಡು ಕಾಗೆ, ಪೇಟೆ ಕಡೆ ಊರು ಕಾಗೆ. ಅದನ್ನು ಗುರುತಿಸೋಕೆ ಯಾರೂ ಪುಸ್ತಕ ಓದಲ್ಲ, ಕತ್ತು ನೋಡಿದರೆ ಸಾಕು.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದ ಮೇಲೆ ಈ ಲೆಕ್ಕ ಕೈಕೊಟ್ಟಿತು. ಇಲ್ಲಿ ಬೂದಿ ಕತ್ತಿನದು ಇಲ್ಲವೇ ಇಲ್ಲ. ಎಲ್ಲವೂ ಕಪ್ಪು. ಅಮೆರಿಕನ್ ಕ್ರೋ ಕಪ್ಪು, ರೇವನ್ ಕಪ್ಪು, ಕೊಕ್ಕು ಕಪ್ಪು, ಕಾಲು ಕಪ್ಪು. ಗಾತ್ರ ನೋಡಿ ಹೇಳಬಹುದು ಅಂತಾರೆ. ಕಾಗೆ ಸುಮಾರು ಅರ್ಧ ಕೆಜಿ ತೂಗುತ್ತೆ, ರೇವನ್ ಒಂದು ಕೆಜಿಗೂ ಮೇಲೆ, ರೆಕ್ಕೆ ಬಿಚ್ಚಿದರೆ ಹತ್ತಿರ ಹತ್ತಿರ ನಾಲ್ಕು ಅಡಿ. ಪಕ್ಕಪಕ್ಕ ಕೂತರೆ ಸರಿ. ಒಂದೇ ಒಂದು ದೂರದ ಲೈಟ್ ಕಂಬದ ಮೇಲೆ ಕೂತಿದ್ದರೆ? ಅಲ್ಲಿ ತಕ್ಕಡಿ ತಗೊಂಡು ಹೋಗೋಕಾಗಲ್ಲ.

ನನಗೆ ಉಪಯೋಗಕ್ಕೆ ಬಂದಿದ್ದು ಬಾಲ. ಹಕ್ಕಿ ತಲೆ ಮೇಲೆ ಹಾರುವಾಗ ನೋಡಿ. ಕಾಗೆಯ ಬಾಲದ ಗರಿಗಳೆಲ್ಲಾ ಹೆಚ್ಚುಕಮ್ಮಿ ಒಂದೇ ಉದ್ದ, ಬಿಚ್ಚಿದರೆ ಬೀಸಣಿಗೆ. ರೇವನ್ನಿಗೆ ನಡುವಿನ ಗರಿಗಳು ಉದ್ದ, ಹಾಗಾಗಿ ಬಾಲ ಬೆಣೆಯ ಥರ ಚೂಪಾಗಿ ಮುಗಿಯುತ್ತೆ. ಇನ್ನೊಂದು, ಹಾರೋ ರೀತಿ. ಕಾಗೆ ರೆಕ್ಕೆ ಬಡೀತಾನೇ ಇರುತ್ತೆ, ಬಸ್ಸಿಗೆ ಲೇಟಾದವರ ಹಾಗೆ. ರೇವನ್ ಹದ್ದಿನಂತೆ ಗಾಳಿ ಮೇಲೆ ತೇಲುತ್ತೆ. ಮಿಷನ್ ಪೀಕ್ ಗುಡ್ಡ ಹತ್ತಿದರೆ ಗಾಳಿ ಮೇಲೇಳೋ ಕಡೆ ಅವು ಲಾಗ ಹಾಕ್ತಾ, ಒಂದು ಕ್ಷಣ ಅಂಗಾತ ತಿರುಗಿ ಹಾರ್ತಾ ಆಡುತ್ತವೆ. ಯಾವ ಲಾಭಕ್ಕೂ ಅಲ್ಲ, ಸುಮ್ಮನೆ ಮಜಕ್ಕೆ ಅಂತಲೇ ನನಗನಿಸೋದು. ಹತ್ತಿರ ಬಂದರೆ ಗಂಟಲ ಕೆಳಗೆ ಜೋತುಬಿದ್ದ ಗಡ್ಡದಂಥ ಗರಿಗಳು ಕಾಣುತ್ತವೆ.

ಇದರ ಮಧ್ಯೆ ಒಂದು ತಮಾಷೆ. ನಾವು ಇಷ್ಟೆಲ್ಲಾ ಒದ್ದಾಡಿ ಎರಡು ಜಾತಿ ಬೇರೆ ಮಾಡ್ತೀವಿ, ಅವು ನಮ್ಮಲ್ಲಿ ಒಬ್ಬೊಬ್ಬರ ಮುಖವನ್ನೂ ಬೇರೆ ಮಾಡುತ್ತವೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಮಾರ್ಜ್‌ಲಫ್ ಮತ್ತವರ ಜೊತೆಗಾರರು 2006ರಲ್ಲಿ ಒಂದು ಮುಖವಾಡ ಹಾಕಿಕೊಂಡು ಕೆಲವು ಕಾಗೆಗಳನ್ನು ಹಿಡಿದು, ಕಾಲಿಗೆ ಉಂಗುರ ಹಾಕಿ ಬಿಟ್ಟರು. ಎಷ್ಟೋ ವರ್ಷ ಆದ ಮೇಲೂ ಆ ಮುಖವಾಡ ಹಾಕಿ ಯಾರು ನಡೆದರೂ ಕಾಗೆಗಳು ಸೇರಿಕೊಂಡು ಬೈಯ್ಯುತ್ತಿದ್ದವು. ಸಿಕ್ಕಿಬಿದ್ದಿರದ ಕಾಗೆಗಳೂ ಕಲಿತುಕೊಂಡು ಬೈಯ್ಯುತ್ತಿದ್ದವು.

ಈ ಬಾಲ, ಗಡ್ಡದ ವಿದ್ಯೆಯೆಲ್ಲಾ ನನಗೆ ಹವ್ಯಾಸ ಅಷ್ಟೇ ಆಗಿತ್ತು, 2022ರ ಸೆಪ್ಟೆಂಬರ್‌ವರೆಗೆ.

ಅಪ್ಪ ಹೋಗಿದ್ದು 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ. ಆಗ ಭಾರತಕ್ಕೆ ಹೋದರೆ ನಮ್ಮಂಥ ವೀಸಾದವರು ವಾಪಸ್ ಬರೋದು ಖಾತ್ರಿ ಇರಲಿಲ್ಲ. ಮಗು ಚಿಕ್ಕದು. ಹೋಗಲಿಲ್ಲ. ಮಣ್ಣು ಮಾಡಿದ್ದನ್ನು ಅಣ್ಣನ ಫೋನಿನಲ್ಲಿ ನೋಡಿದೆ, ಅದೂ ನೆಟ್‌ವರ್ಕ್ ಸಿಕ್ಕಷ್ಟು. ಹನ್ನೊಂದನೇ ದಿನ, ಆ ವರ್ಷದ ಎಡೆ, ವರ್ಷಾಂತಿಕ, ಎಲ್ಲವೂ ನಾನಿಲ್ಲದೆ ಆಯ್ತು. ಮಾರನೇ ವರ್ಷ ಅಮ್ಮ ಇಲ್ಲಿಗೆ ಬಂದಾಗ ಮಹಾಲಯ ಅಮಾವಾಸ್ಯೆ ಬಂತು. ಸೆಪ್ಟೆಂಬರ್ 25, ಭಾನುವಾರ. "ಅಲ್ಲಿ ಅಣ್ಣ ಇಡ್ತಾನೆ, ಇಲ್ಲಿ ನೀನು ಇಡು. ಮಗಳು ಇಡಬಾರದು ಅಂತ ಯಾರು ಹೇಳಿದ್ದು?" ಅಂದರು.

ನಮ್ಮಲ್ಲಿ ಎಡೆ ಅಂದರೆ ಹೋದವರಿಗೆ ಇಷ್ಟವಾದದ್ದು ಮಾಡೋದು. ಅಪ್ಪನಿಗೆ ಕಡುಬು, ಕೋಳಿ ಸಾರು. ಇಂಡಿಯನ್ ಅಂಗಡಿಯ ಇಡ್ಲಿ ರವೆಯಲ್ಲೇ ಅಮ್ಮ ಉಂಡೆ ಕಡುಬು ಕಟ್ಟಿದರು. ಫ್ರೀಜರಿನಲ್ಲಿಟ್ಟು ಮಾರೋ ಬಾಳೆ ಎಲೆ, ಅದರ ಮೇಲೆ ಎರಡು ಕಡುಬು, ಸಾರಿನ ತುಂಡು. ಹಿತ್ತಲ ಮರದ ಬೇಲಿ ಪಕ್ಕದ ಶೆಡ್ಡಿನ ಮೇಲೆ ಇಟ್ಟೆ. ಕಾಗೆ ಮುಟ್ಟಿದ ಮೇಲೆ ಊಟ.

ಹನ್ನೆರಡಾಯ್ತು. ಆಚೆ ಬೀದಿಯ ಮರದಲ್ಲಿ ನಾಲ್ಕೈದು ಕಾಗೆ ಕೂತು "ಕಾ ಕಾ" ಅಂದವು, ಇಳಿಯಲಿಲ್ಲ. ಇಲ್ಲಿನ ಕಾಗೆಗಳಿಗೆ ಎಡೆ ಅಭ್ಯಾಸ ಇಲ್ಲವಲ್ಲ. ಒಂದು ಗಂಟೆ. ಅಮ್ಮನಿಗೆ ಶುಗರ್. ಬೆಳಗ್ಗೆ ಒಂದು ಲೋಟ ಕಾಫಿ ಬಿಟ್ಟರೆ ಏನೂ ತಗೊಂಡಿರಲಿಲ್ಲ. "ಒಂದು ಚೂರು ತಿನ್ನಿ ಅಮ್ಮ" ಅಂದರೆ, "ಅವರು ಉಣ್ಣದೇ ನಾ ಹೆಂಗೆ ಉಣ್ಣಲಿ" ಅಂತ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತರು. ಕೈ ಸಣ್ಣಗೆ ನಡುಗ್ತಿತ್ತು. ನನಗೆ ಶೆಡ್ಡಿನ ಮೇಲೇ ಕಣ್ಣು. ಒಂದು ಕಡೆ ಅಮ್ಮನ ಶುಗರ್ ಚಿಂತೆ. ಇನ್ನೊಂದು ಕಡೆ, ಬಾಯಿಬಿಟ್ಟು ಹೇಳೋಕಾಗದ ಯೋಚನೆ: ಮಣ್ಣಿಗೆ ಬರದ ಮಗಳು ಇಟ್ಟ ಎಡೆ ಅಂತ ಅಪ್ಪ ಮುಟ್ಟುತ್ತಿಲ್ಲವೇನೋ. ನಂಬಿಕೆ ಇಲ್ಲದವಳಿಗೂ ಆ ಹೊತ್ತಿನಲ್ಲಿ ಹಾಗೆ ಅನಿಸುತ್ತೆ.

ಒಂದೂವರೆ ಹೊತ್ತಿಗೆ ಗಂಟಲು ಕೆರೆದ ಸದ್ದು. ಜೋಡಿ. ಮರದಲ್ಲಿದ್ದ ಕಾಗೆಗಳು ಎದ್ದು ಅಟ್ಟಿಸಿಕೊಂಡು ಬಂದವು, ಸ್ವಲ್ಪ ಹೊತ್ತು ಗಲಾಟೆ ಮಾಡಿ ಹೋದವು. ಒಂದು ಹಕ್ಕಿ ಕಂಬದ ಮೇಲೇ ಉಳೀತು, ಇನ್ನೊಂದು ತೇಲಿಕೊಂಡು ಬಂದು ಬೇಲಿ ಮೇಲೆ ಇಳೀತು. ಬೆಣೆ ಬಾಲ.

"ಬಂತು ನೋಡೇ!"

ನಾನು ಸುಮ್ಮನಿರಬಹುದಿತ್ತು. ಆದರೆ ಅಮ್ಮನ ಹತ್ತಿರ, ಅದೂ ಅಪ್ಪನ ವಿಷಯದಲ್ಲಿ, ಸುಳ್ಳು ಬೇಡ ಅನಿಸಿತು. "ಅದು ಕಾಗೆ ಅಲ್ಲ ಅಮ್ಮ. ರೇವನ್ ಅಂತಾರೆ."

"ಗೊತ್ತು ಕಣೇ. ಮೂರು ವಾರದಿಂದ ನೋಡ್ತಿದೀನಿ. ಇದರ ಕೂಗೇ ಬೇರೆ, ಯಾವಾಗ್ಲೂ ಗಂಡ ಹೆಂಡ್ತಿ ಇಬ್ಬರೇ ಬರ್ತವೆ." ಅಮ್ಮ ಹಕ್ಕಿ ಮೇಲಿಂದ ಕಣ್ಣು ತೆಗೀಲಿಲ್ಲ. "ಕಾಗೆ ಕುಲದ್ದು ಹೌದೋ ಅಲ್ಲೋ?"

"ಹೌದು. ಎರಡೂ ಕಾರ್ವಸ್ ಅನ್ನೋ ಒಂದೇ ಕುಲ."

"ಮತ್ತೆ? ಕುಲಸ್ಥರು ಬಂದಾರೆ. ಇಷ್ಟು ದೂರ ಬರೋಕೆ ದೊಡ್ಡ ರೆಕ್ಕೇನೇ ಬೇಕಲ್ಲ."

ಆ ಹಕ್ಕಿ ಅವಸರ ಮಾಡಲಿಲ್ಲ. ಬೇಲಿ ಮೇಲೆ ಗತ್ತಿನಲ್ಲಿ ನಡೆದು, ಎಲೆಯನ್ನು ಒಮ್ಮೆ ಎಳೆದು ನೋಡಿ ಹಿಂದಕ್ಕೆ ಹಾರಿ, ಮತ್ತೆ ಬಂತು. ಕೋಳಿ ತುಂಡನ್ನು ಅಲ್ಲೇ ಮುಗಿಸಿತು. ಆಮೇಲೆ ಕಡುಬು ಮುರಿದು ಬಾಯಿ ತುಂಬಾ ತುಂಬಿಕೊಂಡು ಹಾರಿಹೋಯ್ತು.

"ತಿನ್ನದೇ ಎಲ್ಲಿಗೆ ತಗೊಂಡ್ಹೋಯ್ತೇ ಅದು?"

"ಎಲ್ಲಾದರೂ ಬಚ್ಚಿಡುತ್ತೆ ಅಮ್ಮ. ಆಮೇಲೆ ಬಂದು ತಿನ್ನೋಕೆ. ಅದರ ಅಭ್ಯಾಸ ಹಾಗೆ."

ಅಮ್ಮ ಜೋರಾಗಿ ನಕ್ಕುಬಿಟ್ಟರು, ಕಣ್ಣಲ್ಲಿ ನೀರು ಬರುವಷ್ಟು. "ನಿಮ್ಮಪ್ಪನೂ ಹಂಗೇ ಅಲ್ವೇನೇ? ಕಡುಬು ಮಾಡಿದ ದಿನ ರಾತ್ರಿಗೆ ಅಂತ ಎರಡು ಎತ್ತಿ, ನಿಮಗ್ಯಾರಿಗೂ ಕಾಣದಂಗೆ ನಾಗಂದಿಗೆ ಮೇಲೆ ಇಡ್ತಿದ್ರು."

ಅಪ್ಪನ ನಾಗಂದಿಗೆ ಕಡುಬಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಕಂಬದ ಮೇಲಿದ್ದ ಹೆಣ್ಣು ಇಳಿದು ಬಂದು ಉಳಿದ ಕಡುಬಿನ ಮೇಲೆ ನಿಂತಿತು, ಅದು ಹೆಣ್ಣೇ ಅಂತ ತೀರ್ಪು ಕೊಟ್ಟಿದ್ದು ಅಮ್ಮ. ಎರಡು ಗಂಟೆ ಹೊತ್ತಿಗೆ ತಟ್ಟೆ ಹಾಕಿದೆ. ಅಮ್ಮ ನಾಲ್ಕು ಕಡುಬು ತಿಂದರು, ಸಾರಿಗೆ ಉಪ್ಪು ಸ್ವಲ್ಪ ಕಮ್ಮಿ ಅಂದರು.