ಕನ್ನಡಿ ಇಲ್ಲದ ಕ್ಯಾಮೆರಾ ನೋಡಲು ಹೋಗಿದ್ದೆವು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಈ ಐದರಲ್ಲಿ ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ಹತ್ತು ಹೆಜ್ಜೆಗೆ ಒಂದು ಫೋಟೋ ಸ್ಟುಡಿಯೋ ಕಾಣುತ್ತದೆ. ಬೋರ್ಡಿನ ಮೇಲೆ ಮೊದಲು ಬಳ್ಳಾರಿ ಜಿಲ್ಲೆ ಎಂದಿರುತ್ತಿತ್ತು, 2021ರಿಂದ ವಿಜಯನಗರ ಜಿಲ್ಲೆ ಎಂದಾಗಿದೆ. ಹರಪನಹಳ್ಳಿಯವರ ಪಾಡಂತೂ ಕೇಳಬೇಡಿ. 1997ರಲ್ಲಿ ದಾವಣಗೆರೆಗೆ ಹೋದರು, 2018ರಲ್ಲಿ ಬಳ್ಳಾರಿಗೆ ಮರಳಿದರು, ಈಗ ವಿಜಯನಗರ. ಬೋರ್ಡು ಬರೆಯುವವನಿಗೆ ಮಾತ್ರ ಲಾಭ!

ಆದರೆ ಬೋರ್ಡಿನ ಒಳಗೆ ಕೂತವರ ಕೆಲಸ ಮೊದಲಿನಂತಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು. ಕೂಸಿನ ತೊಟ್ಟಿಲು, ಕುಬಸ, ಗೃಹಪ್ರವೇಶ ಎಲ್ಲವನ್ನೂ ಮನೆಯವರೇ ತೆಗೆದುಕೊಳ್ಳುತ್ತಾರೆ. ಉಳಿದದ್ದು ಪಾಸ್‌ಪೋರ್ಟ್ ಫೋಟೋ ಮತ್ತು ಮದುವೆ. ಮದುವೆಗೆ ಮಾತಾಡಲು ಬಂದವರೂ ಈಗ ಮೊದಲು ಕೇಳುವುದು, "ನಿಮ್ಮತ್ರ ಮಿರರ್‌ಲೆಸ್ ಐತೇನ್ರೀ?" ಎಂದು. ಕೇಳಿದವರಿಗೆ ಅದೇನೆಂದು ಗೊತ್ತಿರುತ್ತದೆ ಎಂದೇನಿಲ್ಲ. ಬೀಗರು ಕೇಳಿದರು, ಇವರೂ ಕೇಳುತ್ತಾರೆ.

ಕೊಟ್ಟೂರಿನಲ್ಲಿ ನಮ್ಮ ಅಕ್ಕನ ಮಗ ಸಣ್ಣದೊಂದು ಸ್ಟುಡಿಯೋ ಇಟ್ಟಿದ್ದಾನೆ. ಕಳೆದ ವರ್ಷ ಈ ಒಂದು ಮಾತಿಗೇ ಅವನಿಗೆ ನಾಲ್ಕು ಮದುವೆ ತಪ್ಪಿದವು. ದೀಪಾವಳಿಗೆ ಬಂದವನು ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಮೆಲ್ಲಗೆ ನನ್ನ ಬೋರಮಾಳ ಸರದ ಸುದ್ದಿ ತೆಗೆದ. ಅಡ ಇಟ್ಟು ಸಾಲ ತೆಗೆಯುತ್ತಾನಂತೆ, ಎರಡು ವರ್ಷದಲ್ಲಿ ಬಿಡಿಸಿಕೊಡುತ್ತಾನಂತೆ. ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. ಸರ ನನ್ನ ತವರಿನದು, ಮಾತು ನನ್ನದೇ.

"ಕಾಣದ ವಸ್ತುವಿಗೆ ಹೆಂಗ ಕೊಡಲಪ್ಪ?" ಎಂದೆ.

"ನೀನ ಬಂದು ನೋಡು ಚಿಗವ್ವ. ಬೊಮ್ಮನಹಳ್ಳಿಯಾಗ ಕ್ಯಾಮೆರಾ ಅಂಗಡಿಯವರು ತೋರ್ಸಾಕ ಬರ್ತಾರ. ನೋಡಿ ಬ್ಯಾಡ ಅಂದ್ರ ಇನ್ನೊಮ್ಮೆ ಕೇಳಾಂಗಿಲ್ಲ," ಎಂದ.

ಹಾಗೆ ಡಿಸೆಂಬರಿನ ಒಂದು ಬೆಳಿಗ್ಗೆ ಹೊರಟೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಿದರಾಯಿತು. ಕೊಟ್ಟೂರಿನಲ್ಲಿ ಅವನು ಹತ್ತಿದ, ಅವನಿಗೆ ಟಿಕೆಟ್ಟು! ಅಲ್ಲಿಂದ ಹಗರಿಬೊಮ್ಮನಹಳ್ಳಿಯ ತನಕ ರಸ್ತೆಯ ಪಕ್ಕದಲ್ಲಿ ಮೆಕ್ಕೆಜೋಳ ಒಣಹಾಕಿದ್ದರು. ಬಸ್ಸಿನ ಕಿಟಕಿಗಳು ಮುಚ್ಚುವುದಿಲ್ಲ, ಇಳಿಯುವ ಹೊತ್ತಿಗೆ ನನ್ನ ಸೀರೆಯ ಅಂಚು ಕೆಂಪಾಗಿತ್ತು. ಈ ಧೂಳಿನ ಮಾತು ಆಮೇಲೆ ಉಪಯೋಗಕ್ಕೆ ಬಂತು.

ಕಲ್ಯಾಣ ಮಂಟಪದಲ್ಲಿ ಏರ್ಪಾಡು. ಊಟದ ಹಾಲಿನ ಮೇಜುಗಳನ್ನೇ ಸಾಲಾಗಿ ಜೋಡಿಸಿ, ಬಿಳಿ ಬಟ್ಟೆ ಹೊದಿಸಿ, ಕ್ಯಾಮೆರಾಗಳನ್ನು ಇಟ್ಟಿದ್ದರು. ಕ್ಯಾನನ್, ನಿಕಾನ್, ಸೋನಿ ಎಲ್ಲಾ ಇದ್ದವು. ಐದೂ ತಾಲ್ಲೂಕಿನ ಫೋಟೋದವರು ಐವತ್ತು ಅರವತ್ತು ಮಂದಿ. ಹೆಂಗಸರು ಇಬ್ಬರೇ. ನಾನು, ಮತ್ತೆ ಹರಪನಹಳ್ಳಿಯಿಂದ ಅಣ್ಣನ ಜೊತೆ ಬಂದಿದ್ದ ಒಬ್ಬ ಹುಡುಗಿ. ಅವಳೇ ಮದುವೆಗೆ ಕ್ಯಾಮೆರಾ ಹಿಡಿಯುತ್ತಾಳಂತೆ, ಅಣ್ಣ ಲೈಟು ಹಿಡಿಯುತ್ತಾನಂತೆ. ಬಾಗಿಲಲ್ಲಿ ಹೆಸರು ಬರೆಸಿಕೊಳ್ಳುತ್ತಿದ್ದವನು ಅವಳನ್ನು ಬಿಟ್ಟು ಅಣ್ಣನ ಕೊರಳಿಗೇ ಗುರುತಿನ ಪಟ್ಟಿ ಹಾಕಿದ. ಅವಳು ಮಾತಾಡದೆ ಅದನ್ನು ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು.

ತೋರಿಸಲು ಬಂದಿದ್ದ ಹುಡುಗ ಚೆನ್ನಾಗಿ ಬಿಡಿಸಿ ಹೇಳಿದ. ಹಳೆಯ ದೊಡ್ಡ ಕ್ಯಾಮೆರಾದ ಹೊಟ್ಟೆಯಲ್ಲಿ ಒಂದು ಕನ್ನಡಿ ಓರೆಯಾಗಿ ಕೂತಿರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತೋರಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಆಗ ಬೆಳಕು ಹಿಂದಿನ ಸೆನ್ಸರಿಗೆ ಬೀಳುತ್ತದೆ. ಕಟಕ್ ಎಂದು ನಾವು ಕೇಳುವ ಸದ್ದಿನಲ್ಲಿ ಆ ಕನ್ನಡಿಯದೂ ಸೇರಿದೆ. ಹೊಸದರಲ್ಲಿ ಕನ್ನಡಿಯೇ ಇಲ್ಲ. ಬೆಳಕು ನೇರವಾಗಿ ಸೆನ್ಸರಿಗೆ ಬಿದ್ದು, ಅದು ಕಂಡದ್ದು ಕಣ್ಣಿಡುವ ಕಿಂಡಿಯಲ್ಲಿರುವ ಪುಟ್ಟ ಪರದೆಯ ಮೇಲೆ ಮೂಡುತ್ತದೆ. 2008ರಲ್ಲಿ ಪ್ಯಾನಾಸಾನಿಕ್ ಕಂಪನಿ ಇಂಥದ್ದನ್ನು ತಂದಿತು. ಕ್ಯಾನನ್, ನಿಕಾನ್‌ನವರು 2018ರಲ್ಲಿ ದೊಡ್ಡ ಸೆನ್ಸರಿನವನ್ನು ಇಳಿಸಿದ ಮೇಲೆ ಮದುವೆ ಫೋಟೋದವರೆಲ್ಲ ಈ ಕಡೆ ತಿರುಗಿದರು.

ನನಗೆ ತಿಳಿದ ಹಾಗೆ ಹೇಳುವುದಾದರೆ, ಹಳೆಯದರಲ್ಲಿ ಸಾರು ಇಳಿಸಿದ ಮೇಲೆ ಉಪ್ಪು ನೋಡಿದ ಹಾಗೆ. ಹೊಸದರಲ್ಲಿ ಕುದಿಯುವಾಗಲೇ ನೋಡಬಹುದು. ಫೋಟೋ ಕಪ್ಪಾಗುತ್ತದೋ ಬೆಳ್ಳಗಾಗುತ್ತದೋ ಒತ್ತುವ ಮುಂಚೆಯೇ ಕಾಣುತ್ತದೆ.

ಇದರ ಬೆಲೆ ನನಗೆ ತಿಳಿದದ್ದು ಹಡಗಲಿಯ ಮಲ್ಲಿಗೆಯಿಂದ. ಭೌಗೋಳಿಕ ಗುರುತು ಪಡೆದ ನಮ್ಮ ಹೂವಿನಹಡಗಲಿ ಮಲ್ಲಿಗೆ ನಿಮಗೂ ಗೊತ್ತು. ಹಡಗಲಿಯಿಂದ ಬಂದವರು ಒಂದು ಮಾರು ಮಾಲೆ ತಂದಿದ್ದರು. ನಮ್ಮ ಎಷ್ಟೋ ಮದುವೆ ಆಲ್ಬಮ್ಮುಗಳಲ್ಲಿ ಮದುಮಗಳ ಜಡೆಯ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ ಇರುತ್ತದೆ, ಹೂವಿನ ಎಸಳೇ ಕಾಣುವುದಿಲ್ಲ. ಈ ಕ್ಯಾಮೆರಾದ ಕಿಂಡಿಯಲ್ಲಿ ಅತಿಯಾಗಿ ಬೆಳ್ಳಗಾಗುವ ಕಡೆ ಗೆರೆ ಗೆರೆಯಾಗಿ ಎಚ್ಚರಿಸುವ ಏರ್ಪಾಡು ಇದೆ. ಬೆಳಕು ಇಳಿಸಿ ತೆಗೆದರು. ಮೊಗ್ಗು ಮೊಗ್ಗೂ ಬಿಡಿಬಿಡಿಯಾಗಿ ಬಂತು. ಎಲ್ಲರಿಗಿಂತ ಮುಂದೆ ಹೋಗಿ ನೋಡಿದವಳು ನಾನೇ!

ಆಮೇಲೆ ಕಣ್ಣು ಹಿಡಿಯುವ ಆಟ. ಎದುರಿಗೆ ನಿಂತವರ ಕಣ್ಣಿನ ಮೇಲೆ ಕ್ಯಾಮೆರಾ ತಾನಾಗಿಯೇ ಒಂದು ಪುಟ್ಟ ಚೌಕ ಕೂರಿಸುತ್ತದೆ. ಅತ್ತಿತ್ತ ಓಡಾಡಿದರೂ ಬಿಡುವುದಿಲ್ಲ. ಗಂಡಸರೆಲ್ಲ ಚಪ್ಪಾಳೆ ತಟ್ಟಿದರು. ನಾನು ಹಿಂದಿನಿಂದ, "ಬಾಸಿಂಗ ಕಟ್ಟಿದ್ರ ಹಿಡಿತೈತೇನಪ್ಪ?" ಎಂದೆ.

ಕೆಲವರು ನಕ್ಕರು. ತೋರಿಸುವ ಹುಡುಗ ದೊಡ್ಡ ಊರಿನವನು, ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಹರಪನಹಳ್ಳಿಯ ಹುಡುಗಿ ಎದ್ದು ಹೋಗಿ ಆ ಮಲ್ಲಿಗೆ ಮಾಲೆಯನ್ನೇ ಹಣೆಗೆ ಇಳಿಬಿಟ್ಟುಕೊಂಡು ನಿಂತಳು. ಚೌಕ ಒಮ್ಮೆ ಕಣ್ಣಿಗೆ ಹೋಯಿತು, ಒಮ್ಮೆ ಹೂವಿಗೆ ಬಂತು, ಅವಳು ತಲೆ ಆಡಿಸಿದರೆ ಹೂವಿನಲ್ಲೇ ನಿಂತಿತು. ಹತ್ತು ಫೋಟೋದಲ್ಲಿ ನಾಲ್ಕರಲ್ಲಿ ಮುಖ ಮಸುಕು. "ಇಂಥಾ ಕಡೆ ಚೌಕವನ್ನ ನೀವೇ ಕೈಯಿಂದ ಇಡಬೇಕು ಅಮ್ಮ," ಎಂದು ಅವನೇ ಒಪ್ಪಿದ. ಒಳ್ಳೆಯ ಹುಡುಗ, ಮುಚ್ಚಿಡಲಿಲ್ಲ. ನಕ್ಕವರೇ ಆಮೇಲೆ ಒಬ್ಬೊಬ್ಬರಾಗಿ ಕೇಳತೊಡಗಿದರು.

ಆಗ ಹೊರಬಂದ ಮಾತುಗಳು ಇವು. ಸದ್ದಿಲ್ಲದೆ ಫೋಟೋ ತೆಗೆಯಬಹುದು, ತಾಳಿ ಕಟ್ಟುವಾಗ ಮಂತ್ರ ಕೇಳುತ್ತದೆ. ಆದರೆ ಆ ಸದ್ದಿಲ್ಲದ ಬಗೆಯಲ್ಲಿ ಮಂಟಪದ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಫೋಟೋದ ಮೇಲೆ ಅಡ್ಡ ಪಟ್ಟೆ ಮೂಡುವುದುಂಟು. ಪರದೆ ಸದಾ ಉರಿಯುವುದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ, ಒಂದು ಮದುವೆಗೆ ಮೂರು ನಾಲ್ಕಾದರೂ ಬೇಕು. ಇನ್ನು ಧೂಳು. ಕನ್ನಡಿಯ ಮರೆ ಇಲ್ಲದ್ದರಿಂದ ಲೆನ್ಸು ಬದಲಿಸುವಾಗ ಸೆನ್ಸರು ಬೋಳಾಗಿ ಕಾಣುತ್ತದೆ. ಆಫ್ ಮಾಡಿದರೆ ಕೆಲವದರಲ್ಲಿ ಒಳಗಿನ ಪರದೆ ಮುಚ್ಚಿಕೊಳ್ಳುತ್ತದೆ, ಎಲ್ಲದರಲ್ಲೂ ಇಲ್ಲ. ಕೊಟ್ಟೂರೇಶ್ವರನ ತೇರಿನ ದಿನ ನಮ್ಮೂರ ಬಯಲಿನಲ್ಲಿ ನಿಂತು ಲೆನ್ಸು ಬದಲಿಸುವವರು ಇದನ್ನು ನೆನಪಿಡಬೇಕು. ನನ್ನ ಸೀರೆಯ ಅಂಚನ್ನೇ ಅವನಿಗೆ ತೋರಿಸಿದೆ.

ಬೆಲೆ ಮಾತ್ರ ಕೊನೆಗೇ ಹೇಳಿದರು. ಅವನು ಬಯಸಿದ್ದ ದೊಡ್ಡ ಸೆನ್ಸರಿನದು ಎರಡು ಲಕ್ಷದ ಮೇಲೆ. ಅದೂ ಬರೀ ಬಾಡಿ! ಲೆನ್ಸು ಬೇರೆ, ಬ್ಯಾಟರಿ ಬೇರೆ, ವೇಗದ ಕಾರ್ಡು ಬೇರೆ. ಕುಕ್ಕರು ಕೊಂಡು ಗ್ಯಾಸ್ಕೆಟ್ಟು, ವೇಯ್ಟು ಬೇರೆ ಕೊಳ್ಳಿ ಎಂದ ಹಾಗೆ. ಅದೇ ಕಂಪನಿಯ ಹಳೆಯ ಲೆನ್ಸುಗಳಿದ್ದರೆ ನಡುವೆ ಅಡಾಪ್ಟರ್ ಎಂಬ ಒಂದು ಬಳೆ ಹಾಕಿ ನಡೆಸಬಹುದಂತೆ. ಇದನ್ನು ಅವರಾಗಿ ಹೇಳಲಿಲ್ಲ, ಹುಡುಗಿ ಕೇಳಿದ ಮೇಲೆ ಹೇಳಿದರು. ಕಂತಿನ ಕಾಗದ ಹಿಡಿದ ಇನ್ನೊಬ್ಬ, "ಇವತ್ತೇ ಬುಕ್ ಮಾಡಿದ್ರೆ ಬ್ಯಾಗು ಫ್ರೀ" ಎಂದು ನಮ್ಮ ಸುತ್ತ ಸುಳಿಯುತ್ತಿದ್ದ. ಹೊಲಿಗೆ ಮಿಷನ್ ಕೊಂಡವರಿಗೆ ಈ ಫ್ರೀ ಬ್ಯಾಗಿನ ಮಹಿಮೆ ಗೊತ್ತು.

ಸಂಜೆ ಎಲ್ಲರನ್ನೂ ಟೆಂಪೋದಲ್ಲಿ ಹತ್ತಿರದ ಅಂಕಸಮುದ್ರಕ್ಕೆ ಕರೆದುಕೊಂಡು ಹೋದರು, ಕೈಯಾರೆ ತೆಗೆದು ನೋಡಲಿ ಎಂದು. ಕೆರೆಯ ನೀರಿನಲ್ಲೇ ನಿಂತ ಜಾಲಿಮರಗಳು, ಮರದ ತುಂಬ ಹಕ್ಕಿ. ಊರವರು ನೀರಾವರಿಗೆಂದು ಕಟ್ಟಿಕೊಂಡ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿಗೆ ಗೊತ್ತಾಗಿದೆ. ನಲವತ್ತು ವರ್ಷ ದಾಟಿದ ನಾನು ಇಷ್ಟು ಹತ್ತಿರವಿದ್ದೂ ನೋಡಿದ್ದು ಅಂದೇ. ಬಣ್ಣದ ಕೊಕ್ಕರೆಗಳು ಗುಂಪು ಗುಂಪಾಗಿ ಇಳಿಯುತ್ತಿದ್ದವು. ನೀವೂ ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ, ಬುತ್ತಿ ಕಟ್ಟಿಕೊಳ್ಳಿ, ಗದ್ದಲ ಮಾಡುವ ಮಕ್ಕಳನ್ನು ಕೆರೆ ಏರಿಯಿಂದ ದೂರ ಕೂರಿಸಿ.

ಅವನು ಹೊಸ ಕ್ಯಾಮೆರಾದಲ್ಲಿ ಹಾರುವ ಕೊಕ್ಕರೆ ಹಿಡಿದ. ಆಮೇಲೆ ತನ್ನ ಹಳೆಯದನ್ನು ಚೀಲದಿಂದ ತೆಗೆದು ಅದರಲ್ಲೂ ಹಿಡಿದ. ಎರಡನ್ನೂ ನನಗೆ ತೋರಿಸಿದ. ಹೊಸದರಲ್ಲಿ ಹತ್ತಕ್ಕೆ ಒಂಬತ್ತು ಸ್ಪಷ್ಟ, ಹಳೆಯದರಲ್ಲಿ ಐದು. ವ್ಯತ್ಯಾಸ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ಮರಳುವಾಗ ಕೊಟ್ಟೂರಿನಲ್ಲಿ ಇಳಿದು ಮಂಡಕ್ಕಿ ಮಿರ್ಚಿ ತಿನ್ನುತ್ತ ಲೆಕ್ಕ ಹಾಕಿದೆವು. ಹಳೆಯ ಲೆನ್ಸು ಮೂರಿವೆ. ಬಾಡಿಯನ್ನು ದಿನಕ್ಕಿಷ್ಟು ಎಂದು ಬಾಡಿಗೆಗೆ ಕೊಡುವವರೂ ಇದ್ದಾರೆ. ಈ ಸಲದ ಲಗ್ನಗಳಿಗೆ ಬಾಡಿಗೆಗೆ ತರಲಿ, ಎಷ್ಟು ಮದುವೆ ಹೆಚ್ಚಿಗೆ ಬಂದವು, ಬಾಡಿಗೆ ಕಳೆದು ಎಷ್ಟು ಉಳಿಯಿತು ಬರೆದಿಡಲಿ ಎಂದೆ.

"ಬರೆದು ತಂದ್ರ ಸರ ಕೊಡ್ತೀಯೇನ ಚಿಗವ್ವ?"

"ವಹಿ ತಗೊಂಡು ಬಾ. ನೋಡಿ ಹೇಳ್ತೀನಿ."

ಮಾಘಮಾಸದ ಮದುವೆಗಳು ನಡೆದಿವೆ. ಮೊನ್ನೆ ಫೋನು ಮಾಡಿ, ಬಾಸಿಂಗ ಕಟ್ಟಿದ ಮದುಮಗಳ ಫೋಟೋ ಮೊಬೈಲಿಗೆ ಕಳಿಸಿದ್ದೇನೆ ನೋಡು ಎಂದ. ಕಣ್ಣು ಸ್ಪಷ್ಟವಾಗಿತ್ತು. ವಹಿ ಇನ್ನೂ ಬಂದಿಲ್ಲ.