28ರ ಲೆಕ್ಕ

ಹೈಸ್ಕೂಲಿನಲ್ಲಿ ಮೂರು ದಶಕ ಜೀವಶಾಸ್ತ್ರ ಬೋಧಿಸಿದ ಅನುಭವದಲ್ಲಿ ಹೇಳುವುದಾದರೆ, ವಿದ್ಯಾರ್ಥಿಗಳು ಒಂದೂ ಪ್ರಶ್ನೆ ಕೇಳದೆ ಮುಗಿಸುತ್ತಿದ್ದ ಪಾಠವೆಂದರೆ ಸಂತಾನೋತ್ಪತ್ತಿಯದು. ಹುಡುಗರು ತಲೆತಗ್ಗಿಸಿ ನಗುತ್ತಿದ್ದರು. ಹುಡುಗಿಯರು ಪುಸ್ತಕದಿಂದ ಕಣ್ಣೆತ್ತುತ್ತಿರಲಿಲ್ಲ. ಮನೆಗಳಲ್ಲಾದರೋ "ಕಾಗೆ ಮುಟ್ಟಿದೆ" ಎಂಬ ಒಂದು ಮಾತಿನಲ್ಲಿ ಎಲ್ಲವೂ ಮುಗಿಯುತ್ತಿತ್ತು. ಹಾಗಾಗಿ, ಋತುಚಕ್ರವೆಂದರೆ 28 ದಿನ, 14ನೆಯ ದಿನ ಅಂಡಾಣುವಿನ ಬಿಡುಗಡೆ, ಎಂಬ ಬಾಯಿಪಾಠವಷ್ಟೇ ಅನೇಕರಲ್ಲಿ ಉಳಿದುಕೊಂಡಿದೆ.

28 ಎಂಬುದು ಒಂದು ಸರಾಸರಿ ಮಾತ್ರ. ಪ್ರೌಢ ಸ್ತ್ರೀಯರಲ್ಲಿ 21ರಿಂದ 35 ದಿನ, ಹೊಸದಾಗಿ ಮೈನೆರೆದ ಹುಡುಗಿಯರಲ್ಲಿ 45 ದಿನಗಳವರೆಗೂ ಸಹಜವೇ.

ಮುಟ್ಟಿನ ಮೊದಲ ದಿನವೇ ಚಕ್ರದ ಮೊದಲ ದಿನ. ಮೆದುಳಿನ ತಳದಲ್ಲಿ ಬಟಾಣಿಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಅಂಡಾಶಯದಲ್ಲಿ ಹಲವು ಕೋಶಿಕೆಗಳನ್ನು ಬೆಳೆಸತೊಡಗುತ್ತದೆ. ಸಾಮಾನ್ಯವಾಗಿ ಒಂದೇ ಒಂದು ಪಕ್ವವಾಗುತ್ತದೆ. ಅದು ಸ್ರವಿಸುವ ಈಸ್ಟ್ರೊಜೆನ್ ಗರ್ಭಕೋಶದ ಒಳಪದರವನ್ನು ದಪ್ಪಗೊಳಿಸುತ್ತದೆ. ಅದರ ಪ್ರಮಾಣ ಸಾಕಷ್ಟು ಏರಿದಾಗ ಪಿಟ್ಯುಟರಿಯಿಂದ ಎಲ್.ಎಚ್. ಎಂಬ ಇನ್ನೊಂದು ಹಾರ್ಮೋನು ಒಮ್ಮೆಲೇ ಉಕ್ಕುತ್ತದೆ. ಕೋಶಿಕೆ ಒಡೆದು ಅಂಡಾಣು ಹೊರಬರುತ್ತದೆ. ಒಡೆದ ಕೋಶಿಕೆಯೂ ಸುಮ್ಮನಿರದೆ, ಹಳದಿ ಬಣ್ಣ ತಾಳಿ, ಪ್ರೊಜೆಸ್ಟರಾನನ್ನು ಸ್ರವಿಸುತ್ತ ಒಳಪದರವನ್ನು ಕಾಪಾಡುತ್ತದೆ. ಗರ್ಭ ನಿಲ್ಲದಿದ್ದರೆ ಅದರ ಆಯುಷ್ಯ ಸುಮಾರು ಎರಡು ವಾರ. ಅದು ಬಾಡಿದೊಡನೆ ಒಳಪದರವು ಆಧಾರ ತಪ್ಪಿ ಕಳಚಿ ಬರುತ್ತದೆ. ಇದರಲ್ಲಿ "ಕೆಟ್ಟ ರಕ್ತ" ಎಲ್ಲಿಂದ ಬಂತೋ ನಾನರಿಯೆ.

ಈಗ ಗಮನಿಸಿ. ಹಿಗ್ಗುವುದು, ಕುಗ್ಗುವುದು ಹೆಚ್ಚಾಗಿ ಚಕ್ರದ ಮೊದಲ ಭಾಗ. ಎರಡನೆಯದು ಬಹುಮಟ್ಟಿಗೆ ಸ್ಥಿರ. ಆದ್ದರಿಂದ ಲೆಕ್ಕವನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ಜಪಾನಿನ ವೈದ್ಯ ಕ್ಯುಸಾಕು ಒಗಿನೊ 1924ರಲ್ಲಿಯೇ ತೋರಿಸಿಕೊಟ್ಟ ಸಂಗತಿಯಿದು.

ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನೊಡನೆ ನಮ್ಮ ಮನೆಗೆ ಬಂದಿದ್ದಳು. ಮದುವೆಯಾಗಿ ಮೂರು ವರ್ಷ. ಅಡುಗೆಮನೆಗೆ ಬಂದು ಮೆಲ್ಲಗೆ ಹೇಳಿದಳು: "ಮೇಡಂ, ನನ್ನದು ಯಾವಾಗಲೂ 35 ದಿನಕ್ಕೇ. 14ನೆಯ ದಿನ ಎಣಿಸಿ ಎಣಿಸಿ ಸಾಕಾಗಿದೆ. ಅತ್ತೆಯವರು ಆಡಬಾರದ ಮಾತನ್ನೂ ಆಡಿಬಿಟ್ಟರು." ಆ ಮಾತು ಯಾವುದೆಂದು ನಾನು ಕೇಳಲಿಲ್ಲ. ಗೋಡೆಯ ಕ್ಯಾಲೆಂಡರನ್ನು ಇಳಿಸಿ ಹಿಂದಕ್ಕೆ ಎಣಿಸಿ ತೋರಿಸಿದೆ: ಅವಳಿಗೆ 21ನೆಯ ದಿನದ ಆಸುಪಾಸು. ಹಜಾರದಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದ ಗಂಡನನ್ನೂ ಕರೆದೆ. "ಬಾರಪ್ಪ, ಈ ಲೆಕ್ಕ ನಿನಗೂ ಬೇಕು." ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ, ವೀರ್ಯಾಣು ಐದು ದಿನಗಳವರೆಗೂ ಉಳಿಯಬಲ್ಲದು, ಆದುದರಿಂದ ಅದಕ್ಕೆ ಮುಂಚಿನ ದಿನಗಳೂ ಮುಖ್ಯವೆಂದೆ. ಇದು ಅಂದಾಜು ಮಾತ್ರ, ಮೂರು ವರ್ಷವಾದ ಮೇಲೆ ವೈದ್ಯರ ಪರೀಕ್ಷೆ ಇಬ್ಬರಿಗೂ ಆಗಲೇಬೇಕೆಂದೂ ಸೇರಿಸಿದೆ. ಅವನ ಮುಖ ಕೆಂಪಾಯಿತು. ಆದರೆ ಎದ್ದು ಹೋಗಲಿಲ್ಲ.

ಇನ್ನು ಹೆಣ್ಣುಮಕ್ಕಳಿರುವವರಿಗೆ ಒಂದೆರಡು ಮಾತು. 15 ತುಂಬಿದರೂ ಮೈನೆರೆಯದಿದ್ದರೆ, ಸ್ರಾವ ಏಳು ದಿನ ಮೀರಿದರೆ, ಗಂಟೆಗೊಂದು ಪ್ಯಾಡ್ ತೊಯ್ಯುವಂತಿದ್ದರೆ, ಮೂರು ತಿಂಗಳು ಮುಟ್ಟು ನಿಂತರೆ ವೈದ್ಯರಲ್ಲಿಗೆ ಹೋಗಿ. ಶಾಲೆ ತಪ್ಪಿಸುವಷ್ಟು ಹೊಟ್ಟೆನೋವನ್ನು "ಎಲ್ಲರಿಗೂ ಇದ್ದದ್ದೇ" ಎಂದು ತಳ್ಳಿಹಾಕಬೇಡಿ, ಔಷಧಿಯುಂಟು.